ಮರೆವಿನ ದೂರು ನಿಂತಾಗ

ಮನೆಯ ಹಿರಿಯರೊಬ್ಬರು "ಯಾಕೋ ಇತ್ತೀಚೆಗೆ ಹೆಸರುಗಳೇ ನಾಲಿಗೆಗೆ ಬರೋದಿಲ್ಲ" ಎಂದು ಮತ್ತೆ ಮತ್ತೆ ಹೇಳಿಕೊಂಡರೆ ಉಳಿದವರು ಸಮಾಧಾನದ ಮಾತಾಡುತ್ತಾರೆ. "ಅಯ್ಯೋ, ನಮಗೇ ನೆನಪಿರಲ್ಲ, ನಿಮಗೆ ಎಪ್ಪತ್ತು ದಾಟಿದೆ, ಬಿಡಿ" ಎಂದು ಮಾತು ಮರೆಸುತ್ತಾರೆ. ಅರವತ್ತಕ್ಕೆ ಅರಳುಮರುಳು ಎಂಬ ಗಾದೆಯಂತೂ ಸಿದ್ಧವಾಗಿಯೇ ಇರುತ್ತದೆ. ಕೆಲವು ವರ್ಷ ಕಳೆದ ಮೇಲೆ ಅದೇ ಹಿರಿಯರು ಮರೆವಿನ ಮಾತನ್ನೇ ಎತ್ತುವುದಿಲ್ಲ. ಕೇಳಿದರೆ "ನನಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ" ಎನ್ನುತ್ತಾರೆ. ಮನೆಯವರಿಗೆ ನೆಮ್ಮದಿಯಾಗುತ್ತದೆ. ಕಳೆದ ಎರಡು ದಶಕಗಳ ಸಂಶೋಧನೆಯನ್ನು ಓದಿದರೆ ನಾವು ಎರಡೂ ಸಲ ತಲೆಕೆಳಗಾಗಿ ನಡೆದುಕೊಳ್ಳುತ್ತಿದ್ದೇವೆ ಎಂದೇ ಹೇಳಬೇಕಾಗುತ್ತದೆ. ಹಿರಿಯರು ದೂರುತ್ತಿದ್ದಾಗ ಕೂತು ಕೇಳಬೇಕಿತ್ತು. ದೂರು ತಾನಾಗಿ ನಿಂತಾಗ ಎಚ್ಚರವಾಗಬೇಕಿತ್ತು. ತನ್ನ ಶಕ್ತಿ ಕುಂದುತ್ತಿದೆ ಎಂಬ ಅರಿವು ಸದಾ ಕೈಯಲ್ಲಿರುವ ವಸ್ತುವಲ್ಲ. ಅದಕ್ಕೂ ಒಂದು ಕಾಲವಿದೆ, ಆ ಕಾಲ ಕಳೆದುಹೋಗುತ್ತದೆ. ಮುಖ್ಯವಾದ ಮಾತುಕತೆಗಳೆಲ್ಲ ಆ ಅವಧಿಯೊಳಗೇ ನಡೆಯಬೇಕು ಎಂಬುದು ನನ್ನ ವಾದ.

ಇಲ್ಲಿ ಹೇಳುತ್ತಿರುವುದು ಡಿಮೆನ್ಷಿಯಾ ಎನ್ನುವ ಪೂರ್ಣಪ್ರಮಾಣದ ಮರೆಗುಳಿತನದ ಬಗ್ಗೆಯಲ್ಲ, ಅದಕ್ಕೂ ಮುಂಚಿನ ಹಂತದ ಬಗ್ಗೆ. ವೈದ್ಯರು ಅದನ್ನು 'ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್' ಎನ್ನುತ್ತಾರೆ, ಚಿಕ್ಕದಾಗಿ ಎಂಸಿಐ. ಈ ಹಂತದಲ್ಲಿ ಸ್ನಾನ, ಊಟ, ಪೂಜೆ, ಪೇಟೆಗೆ ಹೋಗಿಬರುವುದು ಎಲ್ಲವೂ ಎಂದಿನಂತೆ ನಡೆದಿರುತ್ತದೆ. ಆದರೆ ನೆನಪು, ಗಮನ, ಲೆಕ್ಕಾಚಾರಗಳನ್ನು ಪರೀಕ್ಷಿಸಿದರೆ ಅದೇ ವಯಸ್ಸಿನ, ಅಷ್ಟೇ ಓದಿದ ಇತರರಿಗಿಂತ ಕಡಿಮೆ ಅಂಕ ಬರುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ರೊನಾಲ್ಡ್ ಪೀಟರ್ಸನ್ ಮತ್ತು ಅವರ ತಂಡ 1999ರಲ್ಲಿ ಪ್ರಕಟಿಸಿದ ಮಾನದಂಡಗಳಿಂದ ಈ ಹೆಸರು ಎಲ್ಲೆಡೆ ಬಳಕೆಗೆ ಬಂತು. ಅಮೆರಿಕನ್ ಅಕಾಡೆಮಿ ಆಫ್ ನ್ಯೂರಾಲಜಿ 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಕೊಟ್ಟ ಅಂದಾಜಿನಂತೆ, 60ರಿಂದ 64 ವರ್ಷದವರಲ್ಲಿ ಶೇ 6.7 ಮಂದಿಗೆ ಈ ತೊಂದರೆಯಿದೆ. 75ರಿಂದ 79ರವರಲ್ಲಿ ಶೇ 14.8, 80ರಿಂದ 84ರವರಲ್ಲಿ ಶೇ 25.2. ಇದು ಡಿಮೆನ್ಷಿಯಾಕ್ಕೆ ನೇರ ದಾರಿಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ಎಂಸಿಐ ಇರುವ 65 ದಾಟಿದವರನ್ನು ಎರಡು ವರ್ಷ ಗಮನಿಸಿದಾಗ ಡಿಮೆನ್ಷಿಯಾ ಬಂದದ್ದು ಶೇ 15ರಷ್ಟು ಜನರಿಗೆ. ಉಳಿದವರಲ್ಲಿ ಬಹಳಷ್ಟು ಮಂದಿ ಇದ್ದಲ್ಲೇ ಇರುತ್ತಾರೆ, ಕೆಲವರು ಮೊದಲಿನಂತಾಗುತ್ತಾರೆ. ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಟ್ಟದ ಅಧ್ಯಯನ ಲೆಕ್ಕ ಹಾಕಿದೆ. ಅವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಕಾಲದಲ್ಲಿ ಈ ನಡುವಿನ ಹಂತವನ್ನು ದಾಟಿಯೇ ಬಂದಿರುತ್ತಾರೆ, ಬಹುಪಾಲು ಯಾರ ಗಮನಕ್ಕೂ ಬಾರದೆ.

ಗಮನಕ್ಕೆ ಬಾರದಿರಲು ಒಂದು ಕಾರಣ ರೋಗನಿರ್ಣಯದ ಮಾನದಂಡದಲ್ಲೇ ಇತ್ತು. 1999ರ ಪಟ್ಟಿಯ ಮೊದಲ ಅಂಶವೇ, ವ್ಯಕ್ತಿ ತನಗೆ ಮರೆವು ಹೆಚ್ಚಾಗಿದೆಯೆಂದು ತಾನೇ ದೂರಬೇಕು ಎಂಬುದು. ಮೇಲ್ನೋಟಕ್ಕೆ ಇದು ಸರಿಯೇ, ನೋವಿದ್ದವರು ತಾನೇ ನೋವೆನ್ನಬೇಕು? ಆದರೆ ಇಲ್ಲಿ ದೂರಬೇಕಾದ ಮಿದುಳೇ ದೂರಿಗೆ ಕಾರಣವಾದ ಮಿದುಳೂ ಹೌದು. ಲೆಕ್ಕ ಬರೆಯುವ ಗುಮಾಸ್ತನ ಕೈಗೇ ಲೆಕ್ಕ ತಪಾಸಣೆಯನ್ನೂ ಕೊಟ್ಟಂತೆ ಇದು. ಮುಂದೆ 2004ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು, 2011ರಲ್ಲಿ ಅಮೆರಿಕದ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆ ಮತ್ತು ಆಲ್‌ಜೈಮರ್ಸ್ ಅಸೋಸಿಯೇಷನ್ ಸೇರಿ ಈ ಅಂಶವನ್ನು ಸಡಿಲಿಸಿದವು: ಬದಲಾವಣೆಯನ್ನು ವ್ಯಕ್ತಿಯೇ ಹೇಳಬೇಕಿಲ್ಲ, ಹತ್ತಿರದವರೋ ವೈದ್ಯರೋ ಗಮನಿಸಿದರೂ ಸಾಕು. ಈ ತಿದ್ದುಪಡಿ ಎಷ್ಟು ಅಗತ್ಯವಿತ್ತು ಎಂಬುದನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದ ಸಂಶೋಧಕರು 2014ರಲ್ಲಿ ತೋರಿಸಿದರು. ಎಂಸಿಐ ಎಂಬ ಹಣೆಪಟ್ಟಿ ಪಡೆದವರನ್ನು ಅವರು ವಿವರವಾದ ಪರೀಕ್ಷೆಗಳಿಂದ ಮತ್ತೆ ಅಳೆದು ನೋಡಿದಾಗ, ಒಂದು ಗುಂಪು ವಾಸ್ತವವಾಗಿ ಸಹಜ ಸ್ಥಿತಿಯಲ್ಲೇ ಇತ್ತು. ತಮ್ಮ ತೊಂದರೆಯನ್ನು ಹೆಚ್ಚು ಮಾಡಿ ಹೇಳುತ್ತಿದ್ದವರು ಅವರು. ನಿಜಕ್ಕೂ ನೆನಪು ಕುಂದಿದ್ದವರು ತಮ್ಮ ತೊಂದರೆಯನ್ನು ಕಡಿಮೆ ಮಾಡಿ ಹೇಳುತ್ತಿದ್ದರು. ದೂರಿನ ಪ್ರಮಾಣ ಹೊಂದಿಕೊಂಡಿದ್ದು ನೆನಪಿನ ಅಂಕಗಳ ಜತೆಗಲ್ಲ, ಖಿನ್ನತೆಯ ಲಕ್ಷಣಗಳ ಜತೆ.

ಅರಿವನ್ನು ಅಳೆಯುವುದು ಹೇಗೆ ಎಂದು ಕೇಳಬಹುದು. ಒಂದು ದಾರಿ ತೀರ ಸರಳ. ಒಂದೇ ಪ್ರಶ್ನೆಗಳ ಪಟ್ಟಿಯನ್ನು ಹಿರಿಯರಿಗೂ ಅವರನ್ನು ಹತ್ತಿರದಿಂದ ಬಲ್ಲ ಇನ್ನೊಬ್ಬರಿಗೂ ಬೇರೆ ಬೇರೆಯಾಗಿ ಕೊಡುತ್ತಾರೆ. ಹತ್ತು ವರ್ಷದ ಹಿಂದಿಗೆ ಹೋಲಿಸಿದರೆ ಇಟ್ಟ ವಸ್ತು ಹುಡುಕುವುದು ಕಷ್ಟವಾಗಿದೆಯೇ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆಯೇ, ಬಿಲ್ ಕಟ್ಟುವುದು ತಪ್ಪುತ್ತಿದೆಯೇ ಎಂಬಂಥ ಪ್ರಶ್ನೆಗಳು. ಇಬ್ಬರ ಉತ್ತರಗಳ ನಡುವಿನ ಅಂತರವೇ ಅಳತೆ. ಎರಡನೆಯದು ಇನ್ನೂ ಕುತೂಹಲಕರ. ಪರೀಕ್ಷಕರು ಎದುರು ಕೂತು "ಹತ್ತು ಪದ ಓದುತ್ತೇನೆ, ಎಷ್ಟು ನೆನಪಿಟ್ಟುಕೊಂಡು ಹೇಳಬಲ್ಲಿರಿ?" ಎಂದು ಮೊದಲೇ ಕೇಳುತ್ತಾರೆ. ಹಿರಿಯರು ಏಳು ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಪದಗಳನ್ನು ಓದಿ, ನಡುವೆ ಬೇರೇನೋ ಕೆಲಸ ಕೊಟ್ಟು, ಆಮೇಲೆ ಕೇಳಿದರೆ ಮೂರು ಬರುತ್ತವೆ. "ಈಗ ಎಷ್ಟು ಹೇಳಿದಿರಿ?" ಎಂದರೆ "ಮೂರೇ ಬಂತು" ಎಂದು ಒಪ್ಪಿಕೊಳ್ಳುತ್ತಾರೆ. ತಕ್ಷಣ ಇನ್ನೊಂದು ಪಟ್ಟಿ ಕೊಟ್ಟರೆ ಅಂದಾಜನ್ನು ನಾಲ್ಕಕ್ಕೆ ಇಳಿಸುತ್ತಾರೆ. ಇಲ್ಲಿಯತನಕ ಎಲ್ಲ ಸರಿ, ತಪ್ಪು ಕಣ್ಣೆದುರು ಆದಾಗ ಕಾಣುತ್ತದೆ. ಆದರೆ ಕೆಲ ಸಮಯ ಬಿಟ್ಟು ಅದೇ ಪ್ರಶ್ನೆ ಕೇಳಿದರೆ ಉತ್ತರ ಮತ್ತೆ ಏಳಕ್ಕೇ ಏರಿರಬಹುದು. ಸೋಲು ಗೊತ್ತಾಗಿತ್ತು, ಗೊತ್ತಾದದ್ದು ಉಳಿಯಲಿಲ್ಲ. ಆಲ್‌ಜೈಮರ್ಸ್ ರೋಗಿಗಳಲ್ಲಿ ಹೆಚ್ಚು ಸ್ಪಷ್ಟವಾಗಿಯೂ, ಎಂಸಿಐ ಇರುವವರಲ್ಲಿ ಅಲ್ಪಸ್ವಲ್ಪವಾಗಿಯೂ ಕಾಣುವ ಈ ವರ್ತನೆ, ಅರಿವು ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ತೋರಿಸುತ್ತದೆ. ನಾವೆಲ್ಲರೂ ನಮ್ಮ ಬಗ್ಗೆ ಒಂದು ತಿಳಿವಳಿಕೆ ಇಟ್ಟುಕೊಂಡಿರುತ್ತೇವೆ: ನಾನು ಹೆಸರು ಮರೆಯುವವನಲ್ಲ, ಲೆಕ್ಕದಲ್ಲಿ ಗಟ್ಟಿ, ದಾರಿ ತಪ್ಪುವವಳಲ್ಲ. ಈ ತಿಳಿವಳಿಕೆ ದಿನದಿನದ ಅನುಭವದಿಂದ ತಿದ್ದಿಕೊಳ್ಳುತ್ತಿರಬೇಕು. ಹೊಸದನ್ನು ಹಿಡಿದಿಡುವ ಶಕ್ತಿಯೇ ಕುಂದಿದರೆ ತಿದ್ದುಪಡಿ ನಿಂತುಹೋಗುತ್ತದೆ, ಐವತ್ತರ ಹರೆಯದ ತಿಳಿವಳಿಕೆ ಎಪ್ಪತ್ತೈದರಲ್ಲೂ ಹಾಗೆಯೇ ಉಳಿಯುತ್ತದೆ. ಹಿರಿಯರು ತಮ್ಮ ಬಗ್ಗೆ ಹೇಳುವುದು ಸುಳ್ಳಲ್ಲ, ಹಳೆಯದು.

ಕಾಯಿಲೆಯೇ ತನ್ನ ಅರಿವನ್ನು ಅಳಿಸಬಲ್ಲದು ಎಂಬ ವಿಷಯ ಹೊಸದೇನಲ್ಲ. ಪ್ಯಾರಿಸ್‌ನ ನರವೈದ್ಯ ಜೋಸೆಫ್ ಬಬಿನ್‌ಸ್ಕಿ 1914ರಲ್ಲಿ, ಪಾರ್ಶ್ವವಾಯುವಿನಿಂದ ಎಡಭಾಗ ಬಿದ್ದುಹೋಗಿದ್ದರೂ ಹಾಗಾಗಿರುವುದೇ ಗೊತ್ತಿಲ್ಲದಂತಿದ್ದ ರೋಗಿಗಳನ್ನು ವರ್ಣಿಸಿ, ಈ ಸ್ಥಿತಿಗೆ ಅನೊಸೊಗ್ನೋಸಿಯಾ ಎಂಬ ಹೆಸರು ಕೊಟ್ಟ. ನೆನಪಿನ ವಿಷಯದಲ್ಲೂ ಹೀಗಾಗುತ್ತದೆ ಎಂಬುದು ಇಂದು ಮಿದುಳಿನ ಚಿತ್ರಗಳಲ್ಲೇ ಕಾಣುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಎಂಸಿಐ ಇರುವ 468 ಜನರ ಮಾಹಿತಿಯನ್ನು ಪರಿಶೀಲಿಸಿತು. ತಮ್ಮ ಮರೆವಿನ ಅರಿವಿಲ್ಲದವರ ಮಿದುಳಿನಲ್ಲಿ, ನಾವು ನಮ್ಮ ಬಗ್ಗೆ ಯೋಚಿಸುವಾಗ ಚುರುಕಾಗುವ ಜಾಲದ ಭಾಗಗಳೇ ಮಂಕಾಗಿದ್ದವು. ಎರಡು ವರ್ಷದೊಳಗೆ ಡಿಮೆನ್ಷಿಯಾಕ್ಕೆ ಜಾರುವ ಸಂಭವವೂ ಅವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಇದಕ್ಕೂ ಮೊದಲು, 2015ರಲ್ಲಿ, ಷಿಕಾಗೊದ ರಷ್ ವಿಶ್ವವಿದ್ಯಾಲಯದ ರಾಬರ್ಟ್ ವಿಲ್ಸನ್ ಮತ್ತು ಸಂಗಡಿಗರು ಡಿಮೆನ್ಷಿಯಾ ಇಲ್ಲದ ಎರಡು ಸಾವಿರಕ್ಕೂ ಹೆಚ್ಚು ಹಿರಿಯರನ್ನು ವರ್ಷವರ್ಷವೂ ಪರೀಕ್ಷಿಸಿ ಪಡೆದ ಫಲಿತಾಂಶವನ್ನು ಪ್ರಕಟಿಸಿದ್ದರು. ಮುಂದೆ ಡಿಮೆನ್ಷಿಯಾ ಬಂದವರಲ್ಲಿ, ಅದು ಕಾಣಿಸಿಕೊಳ್ಳುವುದಕ್ಕೆ ಸರಾಸರಿ 2.6 ವರ್ಷ ಮುಂಚೆಯೇ ತಮ್ಮ ನೆನಪಿನ ಬಗೆಗಿನ ಅರಿವು ಇಳಿಯಲು ತೊಡಗಿತ್ತು. ತೀರಿಕೊಂಡವರ ಮಿದುಳನ್ನು ಪರೀಕ್ಷಿಸಿದಾಗ ಈ ಇಳಿಕೆಗೂ ಟಾವ್ ಎಂಬ ಪ್ರೋಟೀನಿನ ಸಿಕ್ಕುಗಳಿಗೂ, ರಕ್ತಸಂಚಾರ ಕಟ್ಟಿ ಆದ ಗಾಯಗಳಿಗೂ ನಂಟಿರುವುದು ಕಂಡಿತು.

ಈ ಎರಡೂವರೆ ವರ್ಷದ ಸುದ್ದಿಯನ್ನು ಇನ್ನೊಂದು ಅಂಶದ ಜತೆ ಇಟ್ಟು ನೋಡಿದಾಗ ಪೂರ್ಣ ಚಿತ್ರ ಸಿಗುತ್ತದೆ. ಎಂಸಿಐಗಿಂತಲೂ ಮುಂಚೆ, ಪರೀಕ್ಷೆಯಲ್ಲಿ ಅಂಕಗಳೆಲ್ಲ ಸರಿಯಾಗಿಯೇ ಬರುತ್ತಿರುವಾಗಲೇ, ಕೆಲವರಿಗೆ ತಮ್ಮೊಳಗೆ ಏನೋ ಬದಲಾಗುತ್ತಿದೆ ಎನಿಸುತ್ತದೆ. ಜರ್ಮನಿಯ ಫ್ರಾಂಕ್ ಯೆಸ್ಸೆನ್ ನೇತೃತ್ವದ ಅಂತರರಾಷ್ಟ್ರೀಯ ತಂಡ 2014ರಲ್ಲಿ ಈ ಹಂತವನ್ನು ಅಧ್ಯಯನ ಮಾಡಲು ಒಂದು ಚೌಕಟ್ಟನ್ನೇ ರೂಪಿಸಿತು. ಅಂದರೆ ಕಾಯಿಲೆಯತ್ತ ಹೊರಟವರಲ್ಲಿ ಅರಿವು ಮೊದಲು ಚುರುಕಾಗುತ್ತದೆ, ಪರೀಕ್ಷೆಗೂ ಸಿಗದ್ದನ್ನು ಅದು ಹಿಡಿಯುತ್ತದೆ. ಆಮೇಲೆ, ಎಂಸಿಐ ಹಂತದ ಒಳಗೆಲ್ಲೋ, ಅದು ಕೆಳಮುಖವಾಗುತ್ತದೆ. ಎಲ್ಲರಲ್ಲೂ ಹೀಗೇ ಆಗಬೇಕೆಂದಿಲ್ಲ. ಎಂಸಿಐ ಇರುವ ಒಬ್ಬರಿಗೆ ತಮ್ಮ ಸ್ಥಿತಿ ಅಂಗೈ ನೆಲ್ಲಿಕಾಯಿಯಷ್ಟು ಸ್ಪಷ್ಟ, ಇನ್ನೊಬ್ಬರಿಗೆ ಅದರ ಸುಳಿವೇ ಇಲ್ಲ. ಆದರೆ ಒಬ್ಬನೇ ವ್ಯಕ್ತಿಯಲ್ಲಿ ದೂರು ಇದ್ದು, ತಪ್ಪುಗಳು ಹೆಚ್ಚುತ್ತಿರುವಾಗಲೇ ಆ ದೂರು ಕರಗಿದರೆ, ಅದು ಒಳ್ಳೆಯ ಸುದ್ದಿಯಲ್ಲ.

ಅರಿವು ಒಂದು ವಿಷಯದಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು ಎಂಬುದು ಮನೆಗಳನ್ನು ಹೆಚ್ಚು ದಾರಿ ತಪ್ಪಿಸುವ ಸಂಗತಿ. "ನನಗೆ ಮರೆವು, ಒಪ್ಪಿಕೊಳ್ಳುತ್ತೇನೆ" ಎನ್ನುವ ತಂದೆ, ಬ್ಯಾಂಕಿನ ವ್ಯವಹಾರದಲ್ಲಿ ತನಗೆ ಯಾವ ತೊಡಕೂ ಇಲ್ಲವೆಂದು ಪ್ರಾಮಾಣಿಕವಾಗಿ ನಂಬಿರಬಹುದು. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಕೇಂದ್ರದಲ್ಲಿ ಡೇನಿಯಲ್ ಮಾರ್ಸನ್ ಮತ್ತು ಸಹೋದ್ಯೋಗಿಗಳು ಹಣ ನಿಭಾಯಿಸುವ ಶಕ್ತಿಯನ್ನು ಕೈಯಲ್ಲಿ ಮಾಡಿಸಿಯೇ ನೋಡುವ ಪರೀಕ್ಷೆಯೊಂದನ್ನು ರೂಪಿಸಿದರು. ನಾಣ್ಯಗಳನ್ನು ಎಣಿಸಿ ಕೊಡುವುದು, ಒಂದು ಸಾಮಾನು ಕೊಂಡು ಚಿಲ್ಲರೆ ಸರಿಯಾಗಿ ಪಡೆಯುವುದು, ಬ್ಯಾಂಕಿನ ಸ್ಟೇಟ್‌ಮೆಂಟ್ ಓದಿ ಯಾವ ದಿನ ಎಷ್ಟು ಹೋಯಿತೆಂದು ಹೇಳುವುದು, ಬಿಲ್ಲುಗಳನ್ನು ಬೇರ್ಪಡಿಸಿ ಯಾವುದು ಬಾಕಿಯಿದೆಯೆಂದು ಗುರುತಿಸುವುದು, ಹೀಗೆ. ನಾಣ್ಯ ಎಣಿಕೆಯಂಥ ಸುಲಭದ ಕೆಲಸದಲ್ಲಿ ಎಂಸಿಐ ಇರುವವರು ಎಡವುವುದಿಲ್ಲ, ಎಡವುವುದು ಸ್ಟೇಟ್‌ಮೆಂಟು ಮತ್ತು ಬಿಲ್ಲುಗಳ ಎದುರು. ಅದೇ ಕೇಂದ್ರದಲ್ಲಿ ಓಝಿಯೋಮಾ ಒಕೊಂಕ್ವೊ ನಡೆಸಿದ ಅಧ್ಯಯನಗಳು ಈ ಎಡವಟ್ಟಿನ ಅಂದಾಜು ಹಿರಿಯರಿಗೆ ಪೂರ್ತಿ ಇರುವುದಿಲ್ಲ ಎಂಬುದನ್ನು ತೋರಿಸಿದವು. ಕುತೂಹಲವೆಂದರೆ ಮನೆಯವರ ಅಂದಾಜೂ ಅನೇಕ ಸಲ ತಪ್ಪಿತ್ತು. ಹಣದ ವಿಷಯದಲ್ಲಿ ಇದರ ಬೆಲೆ ದೊಡ್ಡದು. ಲಾರೆನ್ ನಿಕೊಲಸ್ ಮತ್ತು ಸಂಗಡಿಗರು 2020ರಲ್ಲಿ ಅಮೆರಿಕದ 81,364 ಹಿರಿಯರ ಆರೋಗ್ಯ ದಾಖಲೆ ಹಾಗೂ ಸಾಲದ ದಾಖಲೆಗಳನ್ನು ಜೋಡಿಸಿ ನೋಡಿದಾಗ, ಡಿಮೆನ್ಷಿಯಾ ಪತ್ತೆಯಾಗುವುದಕ್ಕೆ ಆರು ವರ್ಷದಷ್ಟು ಮೊದಲೇ ಬಿಲ್ ಪಾವತಿ ತಪ್ಪುವುದು ಹೆಚ್ಚಿತ್ತು. ಫ್ಯಾಬ್ರಿಜಿಯೊ ಮಜ್ಜೋನ ಮತ್ತು ಫ್ರಾಂಕೊ ಪೆರಾಕಿ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನದೇ ದೀರ್ಘಕಾಲದ ಸಮೀಕ್ಷೆಯೊಂದನ್ನು ಬಳಸಿ, ನೆನಪು ತೀವ್ರವಾಗಿ ಕುಂದಿದರೂ ಅದನ್ನು ಅರಿಯದವರಲ್ಲಿ ಸಂಪತ್ತು ಹೆಚ್ಚು ಕರಗುವುದನ್ನು ಕಂಡರು. ನಷ್ಟ ಹೆಚ್ಚಾಗಿದ್ದು ಷೇರುಗಳಂಥ ಹೂಡಿಕೆ ಇದ್ದವರಲ್ಲಿ. ನಮ್ಮಲ್ಲಿ ಷೇರಿಗಿಂತ ಹೆಚ್ಚಾಗಿ ನಿವೃತ್ತಿಯ ಹಣ, ಎಫ್‌ಡಿ, ಸೈಟಿನ ಕಾಗದಪತ್ರ ಇರುತ್ತವೆ. ಮೊಬೈಲಿನಲ್ಲಿ 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸುವವರೂ ಅದನ್ನೇ ಹುಡುಕಿಕೊಂಡು ಬರುತ್ತಾರೆ. ಇಂಥ ಮೋಸಕ್ಕೆ ಯಾರೂ ಬೀಳಬಹುದು, ಅದು ಕಾಯಿಲೆಯ ಗುರುತಲ್ಲ. ಆದರೆ ತನ್ನ ತೀರ್ಮಾನದ ಬಗ್ಗೆ ಕಿಂಚಿತ್ತೂ ಸಂಶಯವಿಲ್ಲದವರು ಫೋನ್ ಇಟ್ಟು ಇನ್ನೊಬ್ಬರನ್ನು ಕೇಳುವ ಸಾಧ್ಯತೆಯೂ ಕಡಿಮೆ.

ಇನ್ನು ನಮ್ಮ ಮನೆಗಳ ಮಾತು. ಅರಿವು ಮಿದುಳಿನೊಳಗೆ ಮಾತ್ರ ಹುಟ್ಟುವುದಿಲ್ಲ, ಮಾಡಿದ ಕೆಲಸ ಕೆಟ್ಟಾಗ ಹುಟ್ಟುತ್ತದೆ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಚೆಲ್ಲಿದಾಗ, ಸಾರಿಗೆ ಎರಡು ಸಲ ಉಪ್ಪು ಬಿದ್ದಾಗ, ಬೆಸ್ಕಾಂನವರು ಫ್ಯೂಸ್ ಕಿತ್ತಾಗ. ಹಿರಿಯರನ್ನು ಕೂರಿಸಿ ಸಾಕುವುದೇ ಗೌರವವೆಂದು ತಿಳಿದ ಮನೆಯಲ್ಲಿ ಈ ತಪ್ಪುಗಳು ನಡೆಯಲು ಅವಕಾಶವೇ ಇಲ್ಲ. ಮಾತ್ರೆಯನ್ನು ಸೊಸೆ ತಟ್ಟೆಯ ಪಕ್ಕ ತಂದಿಡುತ್ತಾಳೆ, ಪಿಂಚಣಿಯನ್ನು ಮಗ ತೆಗೆದು ತರುತ್ತಾನೆ, ಮೊಮ್ಮಕ್ಕಳು ಮೊಬೈಲ್ ಒತ್ತಿ ಕೊಡುತ್ತಾರೆ. ಸೋಲೇ ಇಲ್ಲದ ಕಡೆ ಸೋಲಿನ ಅರಿವು ಎಲ್ಲಿಂದ ಬರಬೇಕು? ಮನೆಯವರಿಗೂ ಅದೇ ಕತೆ: ಅತ್ತೆಯವರು ವರ್ಷಗಳಿಂದ ಅಂಗಡಿಯ ಲೆಕ್ಕ ನೋಡಿಲ್ಲ, ಹಾಗಾಗಿ ನೋಡಲಾರರು ಎಂಬುದು ತಿಳಿಯುವುದಿಲ್ಲ. ಮಕ್ಕಳು ಅಮೆರಿಕದಲ್ಲೋ ಸಿಂಗಪುರದಲ್ಲೋ ಇದ್ದು, ತಂದೆತಾಯಿ ಮೈಸೂರಿನಲ್ಲೋ ಧಾರವಾಡದಲ್ಲೋ ಇಬ್ಬರೇ ಇರುವ ಮನೆಗಳಲ್ಲಿ ತೊಂದರೆ ಇನ್ನೊಂದು ಬಗೆಯದು. ಭಾನುವಾರದ ವಿಡಿಯೊ ಕರೆಯಲ್ಲಿ ಅಪ್ಪ ಹವಾಮಾನ, ಕ್ರಿಕೆಟ್, ನೆಂಟರ ಮದುವೆ ಎಲ್ಲವನ್ನೂ ಲೀಲಾಜಾಲವಾಗಿ ಮಾತಾಡುತ್ತಾರೆ. ಜೀವಮಾನವಿಡೀ ರೂಢಿಯಾದ ಮಾತುಕತೆ ಕೊನೆಯತನಕ ಉಳಿಯುವ ಶಕ್ತಿಗಳಲ್ಲಿ ಒಂದು. ಆ ಕಡೆಯಿಂದ ಉತ್ತರ ಕೊಡುವಾಗ ಅಮ್ಮ ಪಿಸುಗುಟ್ಟಿ ಹೆಸರು ನೆನಪಿಸಿದ್ದು ತೆರೆಯ ಮೇಲೆ ಕಾಣುವುದಿಲ್ಲ. ಅಕ್ಷರ ಬಾರದವರ ವಿಷಯದಲ್ಲಿ ಪರೀಕ್ಷೆಗಳೇ ಬಹಳ ಕಾಲ ಅಡ್ಡಿಯಾಗಿದ್ದವು. ಓದು, ಬರಹ, ಲೆಕ್ಕ ಬೇಡುವ ಪ್ರಶ್ನೆಗಳಲ್ಲಿ ಶಾಲೆಯ ಮುಖ ನೋಡದ ಆರೋಗ್ಯವಂತರೂ ಸೋಲುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ನಮ್ಮವರಿಗೆ ಹೊಂದುವ ಪರೀಕ್ಷೆಗಳನ್ನು ರೂಪಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುವ ದೊಡ್ಡ ಅಧ್ಯಯನವನ್ನು ನಡೆಸುತ್ತಿದೆ. ಹಳ್ಳಿಯ ಹಿರಿಯರ ಮರೆವನ್ನು ಅವರದೇ ಬದುಕಿನ ಅಳತೆಯಲ್ಲಿ ನೋಡಲು ಇಂಥ ಕೆಲಸ ಬೇಕೇಬೇಕು.

ಇಷ್ಟು ಹೇಳಿದ ಮೇಲೆ ಏಳುವ ಮೊದಲ ಆಕ್ಷೇಪ: ಇದೆಲ್ಲ ಕಾಯಿಲೆಯ ಲಕ್ಷಣವೇ ಏಕಾಗಬೇಕು, ಮನುಷ್ಯ ಸಹಜವಾದ ಹಟವಾಗಿರಬಾರದೇ? ಮರ್ಯಾದೆಗೆ ಅಂಜಿ, ಮಕ್ಕಳಿಗೆ ಹೊರೆಯಾಗುತ್ತೇನೆಂದು ಹೆದರಿ, ಗೊತ್ತಿದ್ದೂ ಮುಚ್ಚಿಡುವವರು ಇಲ್ಲವೇ? ಖಂಡಿತ ಇದ್ದಾರೆ. ಬಹುಶಃ ಆರಂಭದಲ್ಲಿ ಮುಚ್ಚಿಡುವವರೇ ಹೆಚ್ಚು. ಆದರೆ ಮುಚ್ಚಿಡುವವರು ಎಚ್ಚರಿಕೆಯಿಂದ ಇರುತ್ತಾರೆ: ಚೀಟಿ ಬರೆದಿಟ್ಟುಕೊಳ್ಳುತ್ತಾರೆ, ಹೆಸರು ಬೇಕಾದ ಕಡೆ "ಏನಪ್ಪಾ, ಚೆನ್ನಾಗಿದ್ದೀಯಾ" ಎಂದು ಜಾರಿಕೊಳ್ಳುತ್ತಾರೆ, ರಾತ್ರಿ ಗಾಡಿ ಓಡಿಸುವುದನ್ನು ತಾವಾಗಿ ಬಿಡುತ್ತಾರೆ. ಅರಿವಿಲ್ಲದವರು ಈ ಜಾಗ್ರತೆಯನ್ನೇ ಮಾಡುವುದಿಲ್ಲ. ಎರಡರ ನಡುವೆ ಗೆರೆ ಯಾವಾಗಲೂ ಸ್ಪಷ್ಟವಿರುವುದಿಲ್ಲ ಎಂಬುದೂ ನಿಜ. ಬಾಯಲ್ಲಿ "ಏನೂ ಆಗಿಲ್ಲ" ಎನ್ನುತ್ತಲೇ, ಹಿಂದೆ ತಪ್ಪಾದ ಕೆಲಸದಿಂದ ದೂರ ಸರಿಯುವವರನ್ನು, ಕಾರಣ ತಿಳಿಯದೆಯೇ ಮದುವೆ ಮುಂಜಿಗೆ ಹೋಗಲೊಲ್ಲದವರನ್ನು ಸಂಶೋಧಕರು ಗುರುತಿಸಿದ್ದಾರೆ. ಮಾತಿಗೆ ನಿಲುಕದ ಒಂದು ಅರಿವು ಅವರ ನಡವಳಿಕೆಯಲ್ಲಿ ಉಳಿದಿರುತ್ತದೆ. ಹಾಗಾಗಿ ಮನೆಯವರು ಇದು ಹಟವೋ ಕಾಯಿಲೆಯೋ ಎಂದು ತೀರ್ಪು ಕೊಡಲು ಹೋಗಬೇಕಿಲ್ಲ. ಎರಡೂ ಕಡೆ ಮಾಡಬಾರದ ಕೆಲಸ ಒಂದೇ: ತಪ್ಪುಗಳ ಪಟ್ಟಿ ಹಿಡಿದು ವಾದಕ್ಕೆ ಇಳಿಯುವುದು. ಹಟವಿದ್ದವರು ಇನ್ನಷ್ಟು ಮುಚ್ಚಿಡುತ್ತಾರೆ. ಅರಿವಿಲ್ಲದವರಿಗೆ ತನ್ನವರೇ ತನ್ನ ಮೇಲೆ ಸುಳ್ಳು ಹೊರಿಸುತ್ತಿದ್ದಾರೆ ಎನಿಸುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಹಿರಿಯರ ಮಾತನ್ನು ನಂಬಬೇಡಿ, ಮನೆಯವರ ಮಾತು ಕೇಳಿ ಎಂದರೆ ಆ ಮನೆಯವರು ಯಾರು? ಜಮೀನಿನ ಮೇಲೆ ಕಣ್ಣಿಟ್ಟ ಮಗನೂ ಮನೆಯವನೇ. ತಂದೆಯ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಸಾಬೀತಾದರೆ ಲಾಭವಾಗುವವರು ಎಷ್ಟೋ ಮನೆಗಳಲ್ಲಿದ್ದಾರೆ. ಅಂಥ ದುರಾಸೆ ಇಲ್ಲದ ಕಡೆಯೂ, ಆರೈಕೆಯಿಂದ ಬಳಲಿದವರು ತೊಂದರೆಯನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ಹೇಳುತ್ತಾರೆ, ದೂರದಲ್ಲಿರುವವರು ಕಡಿಮೆ ಮಾಡಿ ಹೇಳುತ್ತಾರೆ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಹಿರಿಯರ ಮಾತಿನ ಜಾಗದಲ್ಲಿ ಮನೆಯವರ ಮಾತನ್ನು ತಂದು ಕೂರಿಸುವುದು ಪರಿಹಾರವಲ್ಲ. ಇಬ್ಬರ ಮಾತನ್ನೂ ಮೂರನೆಯ ಅಳತೆಯಾದ ಪರೀಕ್ಷೆಯ ಎದುರು ಇಡಬೇಕು. ಕೇಳುವ ಪ್ರಶ್ನೆಯೂ ಖಚಿತವಾಗಿರಬೇಕು. "ನೆನಪು ಹೇಗಿದೆ?" ಎಂಬುದು ಉಪಯೋಗವಿಲ್ಲದ ಪ್ರಶ್ನೆ. "ಕಳೆದ ತಿಂಗಳ ಕರೆಂಟ್ ಬಿಲ್ ಯಾರು ಕಟ್ಟಿದರು, ಯಾವಾಗ?" ಎಂಬುದಕ್ಕೆ ಉತ್ತರವನ್ನು ತಾಳೆ ನೋಡಬಹುದು. ಅರಿವು ಕುಂದಿದೆ ಎಂದ ಮಾತ್ರಕ್ಕೆ ನಿರ್ಧಾರ ತೆಗೆದುಕೊಳ್ಳುವ ಹಕ್ಕೂ ಹೋಯಿತೆಂದಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 4ನೇ ಸೆಕ್ಷನ್, ಒಬ್ಬರು ತಮ್ಮ ಚಿಕಿತ್ಸೆಯ ಬಗ್ಗೆ ತೆಗೆದುಕೊಂಡ ನಿರ್ಧಾರ ಇತರರಿಗೆ ತಪ್ಪೆಂದು ಕಂಡರೆ ಅಷ್ಟರಿಂದಲೇ ಅವರಿಗೆ ಸಾಮರ್ಥ್ಯವಿಲ್ಲ ಎಂದಾಗದು ಎನ್ನುತ್ತದೆ. ಕಾನೂನು ಚಿಕಿತ್ಸೆಯ ಮಟ್ಟಿಗೆ ಹೇಳಿದ ಈ ಮಾತನ್ನು ಮನೆಯೊಳಗಿನ ಎಲ್ಲ ವಿಷಯಕ್ಕೂ ಅನ್ವಯಿಸಿಕೊಂಡರೆ ಒಳ್ಳೆಯದು. ಎಂಸಿಐ ಇರುವ ಬಹುಪಾಲು ಜನ ತಮ್ಮ ಬದುಕಿನ ಬಹುಪಾಲು ತೀರ್ಮಾನಗಳನ್ನು ತಾವೇ ತೆಗೆದುಕೊಳ್ಳಬಲ್ಲರು.

ಮೂರನೆಯ ಪ್ರಶ್ನೆ ಕರುಣೆಯಿಂದ ಹುಟ್ಟಿದ್ದು. ಗೊತ್ತಿಲ್ಲದೆ ನೆಮ್ಮದಿಯಾಗಿರುವವರಿಗೆ ಗೊತ್ತುಮಾಡಿ ಏನು ಸಾಧಿಸುತ್ತೀರಿ? ಅರಿವು ಹೆಚ್ಚಿದ್ದವರಲ್ಲಿ ಖಿನ್ನತೆಯೂ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ಅರಿವು ಅಳಿದವರನ್ನು ಹಿಡಿದು ಒಪ್ಪಿಸುವುದು ನನ್ನ ಬೇಡಿಕೆಯಲ್ಲ. ಅರಿವು ಇರುವಾಗ ಅವರು ತಾವಾಗಿ ಆಡಿದ ಮಾತನ್ನು ಕೇಳಿಸಿಕೊಳ್ಳಿ ಎಂಬುದು. ಆಗ ಕೇಳಿಸಿಕೊಂಡರೆ ಸಿಗುವ ಲಾಭ ದೊಡ್ಡದು. ಮರೆವಿಗೆ ಕಾರಣ ಬಿ12 ಕೊರತೆಯೋ, ಥೈರಾಯ್ಡ್ ತೊಂದರೆಯೋ, ಖಿನ್ನತೆಯೋ, ನಿದ್ದೆಗೆಂದು ವರ್ಷಗಳಿಂದ ನುಂಗುತ್ತಿರುವ ಮಾತ್ರೆಯೋ ಆಗಿದ್ದರೆ ಸರಿಪಡಿಸಬಹುದು. ದೂರಿನ ಹಿಂದೆ ಖಿನ್ನತೆಯಂಥ ಕಾರಣ ಇರಬಹುದು ಎಂಬುದನ್ನು ಸ್ಯಾನ್ ಡಿಯಾಗೊದ ಫಲಿತಾಂಶ ನೆನಪಿಗೆ ತರುತ್ತದೆ. ಕಿವಿ ಮಂದವಾಗಿರುವುದು, ರಕ್ತದೊತ್ತಡ, ಮಧುಮೇಹ, ಒಂಟಿತನ ಮುಂತಾದ ತಿದ್ದಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿ, ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇ 45ರಷ್ಟನ್ನು ಇವುಗಳ ಮೂಲಕ ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅಂದಾಜಿಸಿದೆ. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಮಂಜೂರಾತಿ ಪಡೆದ ಲೆಕನೆಮ್ಯಾಬ್ ಎಂಬ ಔಷಧವೂ ಎಂಸಿಐ ಮತ್ತು ಅದರ ಮುಂದಿನ ಸೌಮ್ಯ ಹಂತಕ್ಕೆ ಮಾತ್ರ. ಹದಿನೆಂಟು ತಿಂಗಳಲ್ಲಿ ಇಳಿತವನ್ನು ಶೇ 27ರಷ್ಟು ನಿಧಾನಗೊಳಿಸುವ ಅದರ ಫಲ ಸಾಧಾರಣದ್ದು, ಬೆಲೆ ಮತ್ತು ಅಪಾಯಗಳು ಹೆಚ್ಚಿನವು. ಆದರೂ ಬೇಕೋ ಬೇಡವೋ ಎಂದು ಹೇಳುವ ಹಕ್ಕು ಹಿರಿಯರದೇ ಆಗಿರಬೇಕು, ಹಾಗೆ ಹೇಳಲು ತನಗೆ ತೊಂದರೆಯಿದೆ ಎಂಬ ಅರಿವು ಇರಬೇಕು.

ಕಾಗದಪತ್ರಗಳ ವಿಷಯದಲ್ಲಿ ಈ ಅವಧಿಯ ಮಹತ್ವ ಇನ್ನೂ ಹೆಚ್ಚು, ನಮ್ಮ ದೇಶದಲ್ಲಂತೂ. ತಂದೆ ಮಗಳಿಗೆ ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಮಾಡಿಕೊಟ್ಟಿದ್ದಾರೆ, ಇನ್ನು ಚಿಂತೆಯಿಲ್ಲ ಎಂದು ಅನೇಕರು ತಿಳಿದಿರುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಅಧಿಕಾರ ಕೊಟ್ಟ ವ್ಯಕ್ತಿಯ ಚಿತ್ತಸ್ವಾಸ್ಥ್ಯ ಹೋದರೆ ಆ ಅಧಿಕಾರವೂ ಕೊನೆಯಾಗುತ್ತದೆ. ಅತ್ಯಂತ ಬೇಕಾದ ಹೊತ್ತಿಗೆ ಆ ಪತ್ರ ಕೈಕೊಡುತ್ತದೆ. ಇಂಗ್ಲೆಂಡಿನಲ್ಲಿ 2005ರ ಕಾಯ್ದೆ, ಬುದ್ಧಿಶಕ್ತಿ ಕುಂದಿದ ಮೇಲೂ ಊರ್ಜಿತವಾಗಿರುವ ಅಧಿಕಾರಪತ್ರಕ್ಕೆ ಅವಕಾಶ ಕೊಟ್ಟಿದೆ. ನಮ್ಮಲ್ಲಿ ಅಂಥದು ಇಲ್ಲದಿರುವುದು ದೊಡ್ಡ ಕೊರತೆ, ಶಾಸನಸಭೆಗಳು ಇದನ್ನು ಕೈಗೆತ್ತಿಕೊಳ್ಳಬೇಕು. ಅಲ್ಲಿಯವರೆಗೆ ಉಳಿಯುವ ದಾರಿಗಳು ಕೆಲವೇ. ವಿಲ್ ಬರೆಯುವಾಗ ಬುದ್ಧಿ ಸ್ಥಿಮಿತದಲ್ಲಿರಬೇಕು, ಆದ್ದರಿಂದ ಅದು ಈಗಿನ ಕೆಲಸ. ಬ್ಯಾಂಕ್ ಖಾತೆಯನ್ನು ನಂಬುಗೆಯ ಇನ್ನೊಬ್ಬರ ಜತೆ ಜಂಟಿ ಮಾಡುವುದು, ನಾಮಿನಿಗಳ ಹೆಸರು ಸರಿಯಿದೆಯೇ ನೋಡುವುದು, ದೊಡ್ಡ ಮೊತ್ತ ಹೋಗುವಾಗ ಇನ್ನೊಬ್ಬರ ಫೋನಿಗೂ ಸಂದೇಶ ಬರುವಂತೆ ಮಾಡುವುದು ಕೂಡ ಹಾಗೆಯೇ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮುಂಗಡ ನಿರ್ದೇಶನಕ್ಕೂ, ತನ್ನ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ಹೆಸರಿಸುವುದಕ್ಕೂ ಅವಕಾಶ ಕೊಡುತ್ತದೆ. ಚಿಕಿತ್ಸೆ ಹೇಗಿರಬೇಕು, ಹೇಗಿರಬಾರದು ಎಂದು ಹಿರಿಯರು ಮೊದಲೇ ಬರೆದಿಡಬಹುದು. ಇವನ್ನೆಲ್ಲ ಮರೆವಿನ ಹೆಸರೆತ್ತಿ ಮಾಡಬೇಕಾಗಿಲ್ಲ. "ಅಪ್ಪಾ, ನಂದೂ ನಾಮಿನೇಷನ್ ಸರಿಮಾಡಿಸ್ತಾ ಇದ್ದೀನಿ, ನಿಮ್ದೂ ಒಟ್ಟಿಗೇ ಮುಗಿಸೋಣ" ಎನ್ನುವ ಮಗಳಿಗೆ ಬಹಳಷ್ಟು ತಂದೆಯರು ಹೂಂ ಎನ್ನುತ್ತಾರೆ. ತನಗೆ ತೊಂದರೆಯಿದೆ ಎಂದು ಬಲ್ಲ ತಂದೆಗೆ ಅದರ ಹಿಂದಿನ ಕಾರಣವೂ ಅರ್ಥವಾಗುತ್ತದೆ.

ವೈದ್ಯರ ಕೊಠಡಿಯಲ್ಲೂ ಒಂದು ಸಣ್ಣ ಬದಲಾವಣೆ ಆಗಬೇಕು. ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಹಿರಿಯರು ಒಂದು ಕುರ್ಚಿಯಲ್ಲಿ, ಮಗನೋ ಸೊಸೆಯೋ ಪಕ್ಕದ ಕುರ್ಚಿಯಲ್ಲಿ ಕೂತು, ವೈದ್ಯರ ಪ್ರಶ್ನೆಗಳಿಗೆಲ್ಲ ಪಕ್ಕದವರೇ ಉತ್ತರಿಸುತ್ತಾರೆ. ಹಿರಿಯರ ಉತ್ತರ ದಾಖಲಾಗುವುದೇ ಇಲ್ಲ, ಹಾಗಾಗಿ ಇಬ್ಬರ ನಡುವಿನ ಅಂತರ ಎಷ್ಟಿತ್ತು, ಹೆಚ್ಚಾಯಿತೇ ಎಂದು ಮುಂದಿನ ಭೇಟಿಯಲ್ಲಿ ಯಾರಿಗೂ ಹೇಳಲಾಗುವುದಿಲ್ಲ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜತೆಗೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆಯಲಾಗಿದೆ. ಅಲ್ಲಿ ಇಬ್ಬರ ಉತ್ತರವನ್ನೂ ಬೇರೆ ಬೇರೆಯಾಗಿ ದಾಖಲಿಸುವುದನ್ನು ಸುಲಭವಾಗಿ ರೂಢಿಗೆ ತರಬಹುದು. ಸ್ಕ್ಯಾನ್ ಬೇಡ, ಹೊಸ ಯಂತ್ರ ಬೇಡ. ಕನ್ನಡದಲ್ಲಿ ಅಚ್ಚಾದ ಹತ್ತು ಹನ್ನೆರಡು ಪ್ರಶ್ನೆಗಳ ಒಂದು ಹಾಳೆ. ಓದಲು ಬಾರದವರಿಗೆ ನರ್ಸ್ ಓದಿ ಹೇಳಿದರಾಯಿತು. ಮೊದಲು ಹಿರಿಯರನ್ನು ಒಬ್ಬರೇ ಕೂರಿಸಿ ಕೇಳುವುದು, ಆಮೇಲೆ ಜತೆಗೆ ಬಂದವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಅದನ್ನೇ ಕೇಳುವುದು, ಎರಡನ್ನೂ ಅದೇ ಫೈಲಿಗೆ ಹಚ್ಚಿ, ಆರು ತಿಂಗಳ ಬಳಿಕ ಬಂದಾಗ ಮತ್ತೊಮ್ಮೆ ತುಂಬಿಸುವುದು.